ಎಡಗಡೆ ನಾಲಿಗೆಯ ಮೌನ

ಮಕ್ಕಳ ಔಷಧಿ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ನಾಲಿಗೆಯಮ್ಮ ಅನ್ನುತ್ತಿದ್ದರು. ಸಿರಪ್ಪಿನ ಕಹಿ ಮಗುವಿನ ಬಾಯಿಗೆ ಒಗ್ಗುವಷ್ಟು ಅಡಗಿದೆಯೋ ಇಲ್ಲವೋ ಎಂದು ರುಚಿ ನೋಡಿ ಹೇಳುವುದು ಅವಳ ಕೆಲಸ. ಯಾವ ವಾಸನೆಯೂ ಸುಳಿಯದ ಬಿಳಿ ಕೋಣೆಯಲ್ಲಿ ಇನ್ನು ಮೂವರ ಜೊತೆ ಕೂತು, ಸಿರಪ್ಪನ್ನು ಬಾಯಲ್ಲಿ ಹೊರಳಿಸಿ, ಉಗುಳಿ, ಕಹಿಗೆ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಡುತ್ತಿದ್ದಳು. ಅವಳು "ಆಗಲ್ಲ" ಅಂದರೆ ಮುಗಿಯಿತು.

ವರ್ಷಗಳಿಂದ ಸೋರುತ್ತಿದ್ದ ಎಡಗಿವಿಗೆ ಅವಳು ಕೊನೆಗೂ ಆಪರೇಷನ್ ಮಾಡಿಸಿಕೊಂಡಳು. ಕಿವಿ ವಾಸಿಯಾಯಿತು. ಆದರೆ ಮನೆಗೆ ಬಂದು ಗಂಡ ಮಾಡಿದ ಟೊಮೆಟೊ ಸೂಪು ಬಾಯಿಗಿಟ್ಟರೆ, ನಾಲಿಗೆಯ ಎಡಭಾಗಕ್ಕೆ ಬಿಸಿ ಗೊತ್ತಾಯಿತೇ ಹೊರತು ಹುಳಿಯೂ ಇಲ್ಲ, ಉಪ್ಪೂ ಇಲ್ಲ.

"ಉಪ್ಪು ಕಮ್ಮಿನಾ?" ಅಂದ ಗಂಡ.

"ಬಲಗಡೆ ಸರಿಯಾಗಿದೆ. ಎಡಗಡೆ ಹಾಕೇ ಇಲ್ಲ."

"ನನ್ನ ಅಡುಗೆಗೆ ಎಷ್ಟೋ ಹೆಸರಿಟ್ಟಿದ್ದೀಯ. ಇದೊಂದು ಹೊಸದು," ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಅವಳ ತಂಗಿ ಪ್ರಯೋಗಾಲಯದಲ್ಲಿ ಇಲಿಗಳ ನಾಲಿಗೆಯ ಮೇಲೆ ಸಂಶೋಧನೆ ಮಾಡುವವಳು. ಸುದ್ದಿ ಕೇಳಿ, ಕೆಲವು ವಾರದ ಮೇಲೆ ಬಿಡುವು ಮಾಡಿಕೊಂಡು ಬಂದವಳೇ ಅಕ್ಕನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ನಾಲಿಗೆಗೆ ಕೇಕಿಗೆ ಹಾಕುವ ನೀಲಿ ಬಣ್ಣ ಸವರಿ, ಕನ್ನಡಿ ಹಿಡಿದಳು. ಬಲಗಡೆ ನೀಲಿಯ ನಡುವೆ ಗುಲಾಬಿ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು. ಎಡಗಡೆ ಅಲ್ಲೊಂದು ಇಲ್ಲೊಂದು, ಅವೂ ಚಪ್ಪಟೆ.

"ರುಚಿಮೊಗ್ಗು ಇರೋದು ಈ ಗುಳ್ಳೆ ಒಳಗೆ, ಅಕ್ಕ. ಅದರ ಜೀವಕೋಶಗಳು ವಾರ ಎರಡು ವಾರಕ್ಕೆ ಸಾಯ್ತಾ, ಹೊಸದು ಹುಟ್ತಾ ಇರುತ್ತೆ. ಹೊಸದು ಹುಟ್ಟಬೇಕಂದ್ರೆ ನರ ಬೇಕು. ನರದ ತುದಿಯಿಂದ ಬೆಳವಣಿಗೆಗೆ ಬೇಕಾದ ಪ್ರೋಟೀನು ಒಸರುತ್ತೆ. ಅದು ನಿಂತ್ರೆ ಮೊಗ್ಗು ಬಾಡುತ್ತೆ."

"ನನ್ನ ಕಿವಿಗೂ ನಾಲಿಗೆಗೂ ಏನು ನೆಂಟಸ್ತಿಕೆ?"

"ಆ ನರ ಕಿವಿಯೊಳಗಿಂದಾನೇ ಹಾದು ಬರೋದು. ಆಪರೇಷನ್ನಲ್ಲಿ ಡಾಕ್ಟರು ಅದನ್ನ ಪಕ್ಕಕ್ಕೆ ಸರಿಸಬೇಕಾಯ್ತಂತೆ. ಜಗ್ಗಿ ಪೆಟ್ಟಾಗಿದೆ, ತುಂಡಾಗಿಲ್ಲ. ಅದು ಮತ್ತೆ ಬೆಳೆದು ಬರುತ್ತೆ. ನಾಲಿಗೆಯ ಕೋಶಗಳೂ ತಮ್ಮದೊಂದು ಪ್ರೋಟೀನು ಬಿಟ್ಟು ನರಾನ ಕರೀತವೆ."

"ಬರುತ್ತೆ ಅಂತೀಯಾ?"

"ಹೆಚ್ಚಿನವರಿಗೆ ಬರುತ್ತೆ. ತಿಂಗಳುಗಟ್ಟಲೆ ಹಿಡಿಯುತ್ತೆ."

"ಹಾಗಾದ್ರೆ ಬರುತ್ತೆ ಬಿಡು," ಅಂದಳು ನಾಲಿಗೆಯಮ್ಮ, ನೀಲಿ ತುಟಿ ಒರೆಸಿಕೊಳ್ಳುತ್ತಾ.

ಅರ್ಧ ನಾಲಿಗೆ ಸಾಕು ಎಂದುಕೊಂಡು ಕೆಲಸಕ್ಕೆ ಹೋದಳು. ಅಂದು ಜ್ವರದ ಸಿರಪ್ಪು. ಉಳಿದ ಮೂವರು ಕಹಿಗೆ ಎರಡು, ಮೂರು ಎಂದರು. ಅವಳಿಗೆ ಎಂಟು ಅನ್ನಿಸಿತು, ಹಾಗೇ ಹೇಳಿದಳು. ಪಕ್ಕದವನು ಮತ್ತೊಂದು ಗುಟುಕು ಹಾಕಿಕೊಂಡು, "ಹೌದು, ನಾಲಿಗೆಯಮ್ಮ ಹೇಳಿದ್ಮೇಲೆ ಕಹಿ ಹೌದು," ಎಂದ. ಇನ್ನಿಬ್ಬರೂ ತಲೆಯಾಡಿಸಿದರು.

ಮೂವರೂ ತನ್ನ ಮಾತು ಕೇಳಿಯೇ ಅಂಕ ಬದಲಿಸಿದ್ದನ್ನು ಅವಳು ಗಮನಿಸಿದಳು. "ತಡೀರಿ," ಎಂದು, ಬರೀ ಕಹಿನೀರನ್ನು ಬೇರೆಬೇರೆ ಹದದಲ್ಲಿ, ಯಾವುದು ಯಾವುದೆಂದು ಹೇಳದೆ, ತರಿಸಿಕೊಂಡಳು. ತೆಳುವಾದದ್ದನ್ನೂ ಕಡು ಕಹಿ ಎಂದಳು.

"ನನ್ನ ತಕ್ಕಡಿ ವಾಲಿದೆ," ಎಂದು ಮ್ಯಾನೇಜರಿಗೆ ಹೇಳಿದಳು. "ಇವರು ಮೊದಲು ಕೊಟ್ಟ ಅಂಕಾನೇ ಸರಿ. ನಾನು ವಾಸಿಯಾಗೋವರೆಗೂ ರುಚಿ ನೋಡಲ್ಲ. ಹೊಸಬರಿಗೆ ಕಲಿಸ್ತೀನಿ."

"ನೀವಿಲ್ಲದೆ ಹೇಗಮ್ಮ?"

"ನಾನು ಹೀಗಿರುವಾಗ ಇದ್ರೇನೇ ಕಷ್ಟ, ಸರ್."

ತಂಗಿ ಫೋನಿನಲ್ಲಿ ಕಾರಣ ಹೇಳಿದಳು: ನಾಲಿಗೆಯ ಹಿಂಭಾಗಕ್ಕೆ ಬೇರೆ ನರ; ಮುಂದಿನದು ಅದನ್ನು ಹತೋಟಿಯಲ್ಲಿಟ್ಟಿರುತ್ತದೆ; ಮುಂದಿನದಕ್ಕೆ ಪೆಟ್ಟಾದರೆ ಹಿಂದಿನದಕ್ಕೆ ಕಹಿ ಜೋರಾಗಿ ಗೊತ್ತಾಗುತ್ತದೆ. "ಅತ್ತೆ ಸುಮ್ಮನಾದ್ರೆ ಸೊಸೆ ದನಿ ಏರಿಸೋ ಹಾಗೆ." ಈ ಸಲ ಅಕ್ಕ ನಕ್ಕಳು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನಾಲಿಗೆಯ ಎಡಕ್ಕೆ ಕಬ್ಬಿಣ ನೆಕ್ಕಿದಂಥ ರುಚಿ ಬಂತು. ಕೆಲವು ವಾರದ ಮೇಲೆ ಕಿತ್ತಳೆ ತೊಳೆ ಕಚ್ಚಿದಾಗ ಹುಳಿ ಆ ಕಡೆಯಿಂದ ಜುಮ್ಮೆಂದಿತು. ಅವಳು ಸಿಂಕಿನ ಮುಂದೆಯೇ ನಿಂತು, ರಸ ಮೊಣಕೈಗೆ ಇಳಿಯುತ್ತಿದ್ದರೂ ಇಡೀ ಹಣ್ಣು ತಿಂದು ಮುಗಿಸಿದಳು.

ಕಹಿನೀರಿನ ಪರೀಕ್ಷೆಯನ್ನು ಮತ್ತೆ ಕೊಟ್ಟಳು, ಪಾಸಾದಳು. ಬಿಳಿ ಕೋಣೆಗೆ ಮರಳಿದ ದಿನವೇ ಅವಳೊಂದು ನಿಯಮ ಮಾಡಿದಳು: ತನ್ನ ಅಂಕ ಎಲ್ಲರಿಗಿಂತ ಕೊನೆಗೆ. ಅವಳೇ ಕಲಿಸಿದ ಹುಡುಗಿ ಕೆಮ್ಮಿನ ಸಿರಪ್ಪಿಗೆ ಐದು ಎಂದಳು.

"ನನಗೆ ನಾಲ್ಕು," ಎಂದಳು ನಾಲಿಗೆಯಮ್ಮ.

"ಇಲ್ಲ ಅಕ್ಕ, ಐದೇ," ಎಂದಳು ಹುಡುಗಿ.

"ಸರಿ, ಹಾಗಾದ್ರೆ ಇನ್ನೊಂದು ಗುಟುಕು ನೋಡೋಣ."