ತೊಳೆಯದ ಗೋಡೆ

ಮುಂದಿನ ಕೋಣೆಯ ಗೋಡೆಗೆ ಬೆನ್ನು ತಾಗಿಸಿದರೆ ಅಂಗಿ ಒದ್ದೆಯಾಗುತ್ತಿತ್ತು. ಆ ಗೋಡೆಗೆ ನೇತುಹಾಕಿದ್ದ ಮದುವೆ ಫೋಟೋದೊಳಗೂ ಬೂಷ್ಟು ಹೊಕ್ಕು, ಎಮ್ಲಿನನ ಮೀಸೆ ಇದ್ದದ್ದಕ್ಕಿಂತ ಎರಡರಷ್ಟಾಗಿತ್ತು. ಮಂಚದ ಕೆಳಗಿಟ್ಟ ಬೂಟುಗಳಿಗೆ ಹಸಿರು ತುಪ್ಪಟ ಬಂದಿತ್ತು. ಮಾರ್ಗೆಡ್ ಬೆಳಿಗ್ಗೆ ಎದ್ದವಳೇ ಬಟ್ಟೆ ಹಿಡಿದು ಗೋಡೆ ಒರೆಸುತ್ತಿದ್ದಳು. ಬಟ್ಟೆ ಹಿಂಡಿದರೆ ಕಪ್ಪು ನೀರು ಇಳಿಯುತ್ತಿತ್ತು. ಅದಾದ ಮೇಲೆಯೇ ಗಂಡ ಎಮ್ಲಿನನಿಗೆ ಚಹಾ.

ಎಮ್ಲಿನ್ ಆ ಗೋಡೆಯ ಪಕ್ಕದಲ್ಲೇ ಮಲಗುತ್ತಿದ್ದ. ಬೇರೆ ದಾರಿ ಇರಲಿಲ್ಲ. ಕಲ್ಲಿದ್ದಲು ಗಣಿಯ ಧೂಳು ಎದೆಯಲ್ಲಿ ಕೂತು, ಮಹಡಿ ಹತ್ತುವ ಶಕ್ತಿ ಹೋಗಿತ್ತು. ಮಂಚವನ್ನು ಕೆಳಗಿಳಿಸಿದ್ದರು. ಕೆಳಗೆ ಇದ್ದದ್ದೇ ಎರಡು ಕೋಣೆ, ಇದೊಂದು, ಅಡುಗೆಮನೆಯೊಂದು.

"ಒಣಗಿದ ಕೋಣೇಲಿ ಇರಿಸಿಯಮ್ಮ. ತಂಡಿ ಆಗ್ಲೇಬಾರದು. ಇನ್ನೊಂದು ಚಳಿಗಾಲ ಹೀಗೇ ಕಳೆದ್ರೆ ಇವರ ಎದೆ ತಡೆಯಲ್ಲ" ಎಂದು ಡಾಕ್ಟರು ಹೇಳಿದ್ದರು.

ಒಣಗಿದ ಕೋಣೆಯನ್ನು ಎಲ್ಲಿಂದ ತರುವುದು?

ಹಿಂದೆ ಆ ಕೋಣೆ ಹೀಗಿರಲಿಲ್ಲ. ವೇಲ್ಸಿನ ನಮ್ಮ ಕಣಿವೆಯಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ವರ್ಷವೆಲ್ಲ ಅದೇ. ಮಳೆ ಮೇಲಿಂದ ಬೀಳುವುದಕ್ಕಿಂತ ಪಡುವಣ ಗಾಳಿಯ ಜೊತೆ ಅಡ್ಡಡ್ಡ ಬಂದು ಗೋಡೆಗೆ ಬಡಿಯುವುದೇ ಹೆಚ್ಚು. ನಮ್ಮ ಬೀದಿ, ಚಾಪೆಲ್ ಸಾಲಿನ ಮನೆಗಳನ್ನು ಕಟ್ಟಿದವರಿಗೆ ಅದು ಗೊತ್ತಿತ್ತು. ಅದಕ್ಕೇ ಗೋಡೆ ಎರಡು. ಹೊರಗೊಂದು, ಒಳಗೊಂದು, ನಡುವೆ ಕೈ ಹೋಗುವಷ್ಟು ಸಂದು. ಹೊರಗೋಡೆ ನೆನೆಯಲಿ ಬಿಡಿ, ಅದು ಇರುವುದೇ ನೆನೆಯುವುದಕ್ಕೆ. ಒಳಬಂದ ನೀರು ಸಂದಿನಲ್ಲೇ ಇಳಿದು ಬುಡದ ತೂತಿನಿಂದ ಆಚೆ ಹೋಗುತ್ತಿತ್ತು. ಹೊರಗೆ ಮಳೆ ಬಂತೆಂಬ ಸುದ್ದಿಯೂ ಒಳಗೋಡೆಗೆ ಮುಟ್ಟುತ್ತಿರಲಿಲ್ಲ.

ಆ ಸಂದಿನ ಮೇಲೆ ಒಂದು ಕಂಪನಿಯ ಕಣ್ಣು ಬಿತ್ತು. ಮನೆಗಳು ಬೆಚ್ಚಗಿರಲಿ ಎಂದು ಅಂಥ ಸಂದು ತುಂಬಿಸಲು ಸರ್ಕಾರ ದುಡ್ಡು ಕೊಡುತ್ತಿತ್ತು. ಎಷ್ಟು ಮನೆ ತುಂಬಿಸಿದರೆ ಅಷ್ಟು ಲಾಭ. ಎಂಥ ಮನೆ, ಎಂಥ ಮಳೆ ಎಂದು ಕೇಳುವವರಿರಲಿಲ್ಲ. ಕಣಿವೆಯ ಬಾಗಿಲು ತಟ್ಟಲು ಕಂಪನಿ ಕಳಿಸಿದ್ದು ಕಣಿವೆಯ ಹುಡುಗನನ್ನೇ. ಬಡವರನ್ನು ಹಿಡಿಯಲು ಬಡವನನ್ನೇ ಬಿಡುತ್ತಾರೆ, ಅದೇನು ಹೊಸದಲ್ಲ.

ಆ ಹುಡುಗ ಗೆತಿನ್, ಪಕ್ಕದ ಮನೆ ನೆಸ್ಟಾಳ ಮಗ. ಟೈರು ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಕೆಲಸ ಅದು. ಚಾಪೆಲಿನ ಗಾಯನ ತಂಡದಲ್ಲಿ ಅವನಿಗೆ ಹಾಡು ಕಲಿಸಿದವನೇ ಎಮ್ಲಿನ್.

"ಪುಗಸಟ್ಟೆ ಮಾಮ! ಗೋಡೆ ಸಂದಿಗೆ ಉಣ್ಣೆ ಥರದ್ದು ತುಂಬ್ತಾರೆ, ಅಷ್ಟೇ. ಮನೆ ಬೆಚ್ಚಗಿರುತ್ತೆ. ನಿಮ್ಮ ಎದೆಗೂ ಒಳ್ಳೇದು" ಎಂದ ಗೆತಿನ್.

ಎಮ್ಲಿನ್ ನಕ್ಕ. "ಪುಗಸಟ್ಟೆ ಅಂದ್ರೆ ನಂಗೆ ಭಯ ಕಣೋ. ಗಣಿಯವರು ನಂಗೆ ಪುಗಸಟ್ಟೆ ಕೊಟ್ಟಿದ್ದು ಒಂದೇ, ಈ ಧೂಳು."

"ಅಯ್ಯೋ ಮಾಮ, ನಮ್ಮಮ್ಮನ ಮನೆಗೇ ಮೊದ್ಲು ಹಾಕಿಸಿದ್ದೀನಿ. ಆಂಟಿ, ನೀವಾದ್ರೂ ಹೇಳಿ."

ಜೊತೆಗೆ ಕೂತು ಹಾಡುವ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ಇಲ್ಲ ಎನ್ನುವುದು ನಮ್ಮ ಕಣಿವೆಯಲ್ಲಿ ಆಗದ ಮಾತು. ಮಾರ್ಗೆಡ್ ಚಹಾ ಕೊಟ್ಟಳು, ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಸುಟ್ಟ ಬಿಲ್ಲೆ ಕೊಟ್ಟಳು, ರುಜುವನ್ನೂ ಹಾಕಿಕೊಟ್ಟಳು. ಮಾರನೆಯ ವಾರ ವ್ಯಾನು ಬಂತು. ಹೊರಗೋಡೆಗೆ ತೂತು ಕೊರೆದು, ಕೊಳವೆ ಇಟ್ಟು, ಊದಿ, ತೂತಿಗೆ ಸಿಮೆಂಟು ಮೆತ್ತಿ ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಉಣ್ಣೆ ನೀರು ಕುಡಿಯಿತು. ಕುಡಿದದ್ದನ್ನು ಒಳಗೋಡೆಗೆ ದಾಟಿಸಿತು.

ಮೊದಲ ಕಪ್ಪು ಚುಕ್ಕೆ ಕಂಡಾಗ ಮಾರ್ಗೆಡ್ ಯಾರಿಗೂ ಹೇಳಲಿಲ್ಲ. ಹೇಗೆ ಹೇಳಿಯಾಳು? ಅವಳ ಅಜ್ಜಿ, ಅವಳ ತಾಯಿ, ಅವಳು, ಎಲ್ಲರೂ ಜನ್ಮವಿಡೀ ಕಪ್ಪಿನ ಜೊತೆ ಜಗಳವಾಡಿದವರೇ. ಗಣಿಯಿಂದ ಬಂದ ಗಂಡಸರ ಬೆನ್ನು ಉಜ್ಜಿ, ಅಂಗಿ ಉಜ್ಜಿ, ಹೊಸ್ತಿಲ ಕಲ್ಲು ಉಜ್ಜಿ ಉಜ್ಜಿ ಸವೆಸಿದವರು. ಮನೆಯಲ್ಲಿ ಕಪ್ಪು ಕಂಡರೆ ಹೆಂಗಸು ಸೋಮಾರಿ ಎಂದೇ ಅರ್ಥ. ಮಾರ್ಗೆಡ್ ಬ್ಲೀಚಿಂಗ್ ಹಾಕಿ ತೊಳೆದಳು, ಬಿಳಿ ಬಣ್ಣ ತಂದು ಬಳಿದಳು. ತಿಂಗಳಲ್ಲಿ ಕಪ್ಪು ಮತ್ತೆ ಬಂತು. ಮತ್ತೆ ಬಳಿದಳು.

ಎಮ್ಲಿನನ ಕೆಮ್ಮು ಹೆಚ್ಚಾದಾಗ ನಾಚಿಕೆ ಬಿಟ್ಟು ಫೋನು ಮಾಡಿದಳು. ಆ ಕಂಪನಿ ಮುಚ್ಚಿಹೋಗಿತ್ತು. ಅದೇ ಜನ ಬೇರೆ ಹೆಸರಲ್ಲಿ ಬೇರೆ ಊರಲ್ಲಿ ಇದ್ದಾರಂತೆ. ಗೆತಿನನನ್ನೂ ಕೆಲಸದಿಂದ ತೆಗೆದಿದ್ದರು. ಅಂಥ ಕೆಲಸಕ್ಕೆ ಗ್ಯಾರಂಟಿ ಕೊಡುವ ಆಫೀಸು ಅಂತ ಒಂದಿತ್ತು. ಅಲ್ಲಿಗೆ ಫೋನು ಮಾಡಿ ಮಾಡಿ ಸಾಕಾಗುವ ಹೊತ್ತಿಗೆ, ಪರೀಕ್ಷೆಗೆ ಒಬ್ಬ ಸಾಹೇಬ ಬರುತ್ತಾನೆ ಎಂದರು.

ಸಾಹೇಬ ಬರುವ ಹಿಂದಿನ ದಿನ ಮಾರ್ಗೆಡ್ ಬಕೆಟ್ಟು ತಂದು ಗೋಡೆಯ ಮುಂದಿಟ್ಟಳು.

"ಏನ್ ಮಾಡ್ತಿದ್ದೀಯಾ?" ಎಮ್ಲಿನ್ ಮಂಚದಿಂದ ಕೇಳಿದ.

"ಕಾಣಲ್ವಾ? ತೊಳೀತಿದ್ದೀನಿ."

"ಅವನು ಬರೋದೇ ಅದನ್ನ ನೋಡೋಕೆ ಕಣೇ! ಬಿಡು, ಹಂಗೇ ಇರ್ಲಿ."

"ಆಹಾ! ಟೈ ಕಟ್ಕೊಂಡು ಬರೋ ಮನುಷ್ಯ ನನ್ ಮನೇನ ಈ ಗತೀಲಿ ನೋಡ್ಬೇಕಾ? ನಮ್ಮಮ್ಮ ಇದ್ದಿದ್ರೆ ನನ್ ಮುಖಕ್ಕೆ ಉಗೀತಿದ್ಲು."

ತೊಳೆದಳು. ಎರಡು ಕೈ ಬಣ್ಣವನ್ನೂ ಬಳಿದಳು. ಆ ಮೂರ್ಖತನ ಅವಳೊಬ್ಬಳದೇ ಎಂದು ನಗುವವರು ನಗಲಿ. ನಮ್ಮ ಸಾಲಿನ ಯಾವ ಹೆಂಗಸಾಗಿದ್ದರೂ ಅದನ್ನೇ ಮಾಡುತ್ತಿದ್ದಳು.

ಸಾಹೇಬ ಒಳ್ಳೆಯ ಮಾತಿನವನು. ಬಂದವನಿಗೆ ಮಾರ್ಗೆಡ್ ಚಹಾ, ಬಿಲ್ಲೆ ಕೊಟ್ಟಳು. ಒಲೆಯ ಮೇಲೆ ಕುರಿಮಾಂಸದ ಸಾರು ಬೆಳಗಿನಿಂದ ಕುದಿಯುತ್ತಿತ್ತು. ಅಂದು ಸೋಮವಾರ, ಒಗೆಯುವ ದಿನ. ಅಡುಗೆಮನೆಯ ಸೂರಿಗೆ ಕಟ್ಟಿದ ಗಳುವಿನ ತುಂಬ ಬಟ್ಟೆ.

"ದಿನಕ್ಕೆ ಎಷ್ಟು ಸಲ ನೀರು ಕಾಯಿಸ್ತೀರಮ್ಮ?"

"ಯಾರು ಬಂದ್ರೂ ಕಾಯಿಸ್ತೀನಿ. ಇನ್ನೊಂದು ಕಪ್ಪು ಹಾಕ್ಲಾ?"

"ಬಟ್ಟೆ ಒಳಗೇ ಒಣಗಿಸ್ತೀರಾ?"

"ಹೊರಗೆ ಹಾಕಿದ್ರೆ ಮಳೆ ಇನ್ನೊಂದ್ಸಲ ಒಗೆದುಕೊಡುತ್ತೆ ಅಷ್ಟೇ."

"ಕಿಟಕಿ ತೆಗೆದಿಡಲ್ವಾ?"

"ಇವರಿಗೆ ಗಾಳಿ ತಾಗ್ಬಾರ್ದು."

ಸಾಹೇಬ ಬರೆದುಕೊಂಡ. ಗೋಡೆಗೊಂದು ಸಣ್ಣ ಯಂತ್ರ ಒತ್ತಿದ. ಅದು ಕಿಂಯ್ ಎಂದಿತು.

"ನೋಡಿ ಸ್ವಾಮಿ, ಒದ್ದೆ ಇದೆ ಅಲ್ವಾ?" ಎಂದಳು ಮಾರ್ಗೆಡ್.

"ತೇವ ಇದೆ. ಆದ್ರೆ ಗೋಡೆ ಬೆಳ್ಳಗೆ ಚೆನ್ನಾಗಿದೆಯಲ್ಲಮ್ಮ. ಬೂಷ್ಟು ಎಲ್ಲಿ? ಇದು ಮನೆಯೊಳಗಿನ ಹಬೆ." ಆಮೇಲೆ ಎಮ್ಲಿನನ ಕಡೆ ತಿರುಗಿದ. "ಇವರು ಇಡೀ ದಿನ ಈ ಕೋಣೇಲೇ ಇರ್ತಾರಾ? ಮನುಷ್ಯನ ಉಸಿರಲ್ಲೂ ನೀರಿರುತ್ತೆ, ಗೊತ್ತಲ್ಲ."

ಎಮ್ಲಿನ್ ಕೆಮ್ಮು ಮುಗಿಸಿಕೊಂಡು ಹೇಳಿದ. "ಹಂಗಾದ್ರೆ ಉಸಿರಾಡೋದು ನಿಲ್ಲಿಸ್ಬೇಕು ಅನ್ನಿ. ಸ್ವಲ್ಪ ಕಾಯಿರಿ ಸ್ವಾಮಿ, ಆ ಕೆಲ್ಸಾನೂ ನಡೀತಾ ಇದೆ."

ಸಾಹೇಬ ನಗಲಿಲ್ಲ. ಬಿಲ್ಲೆ ತಿಂದು ಮುಗಿಸಿ, ಚೆನ್ನಾಗಿತ್ತಮ್ಮ ಎಂದು ಹೇಳಿ ಹೋದ.

ಕಾಗದ ಬಂತು. ಗೋಡೆಯಲ್ಲಿ ದೋಷವಿಲ್ಲ. ತೇವಕ್ಕೆ ಮನೆಯವರ ಜೀವನಕ್ರಮವೇ ಕಾರಣ. ಕಿಟಕಿ ತೆರೆದಿಡಿ, ನೀರು ಕಡಿಮೆ ಕುದಿಸಿ, ಬಟ್ಟೆ ಒಳಗೆ ಒಣಗಿಸಬೇಡಿ.

ಮಾರ್ಗೆಡ್ ಎಲ್ಲವನ್ನೂ ಪಾಲಿಸಿದಳು. ಸಾರು ಕುದಿಸುವುದನ್ನು ಬಿಟ್ಟಳು. ಒದ್ದೆ ಬಟ್ಟೆ ಹೊತ್ತು ಗುಡ್ಡ ಇಳಿದು ಲಾಂಡ್ರಿಗೆ ಹೋದಳು. ಎಮ್ಲಿನನಿಗೆ ಕೋಟು, ಅದರ ಮೇಲೆ ಕಂಬಳಿ ಹೊದಿಸಿ ಕಿಟಕಿ ತೆರೆದಳು. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ತಮಾಷೆ ಬಿಡಲಿಲ್ಲ. ಬಾಯಿ ಮುಚ್ಚಿ, ಕೆನ್ನೆ ಉಬ್ಬಿಸಿ, "ನೋಡು, ಗೋಡೆ ಒಣಗ್ತಾ?" ಎಂದು ಸನ್ನೆಯಲ್ಲೇ ಕೇಳುತ್ತಿದ್ದ. ಅವಳು ನಗುತ್ತಿದ್ದಳು. ಅಡುಗೆಮನೆಗೆ ಹೋಗಿ ಅಳುತ್ತಿದ್ದಳು.

ಬಣ್ಣ ಗುಳ್ಳೆಯೆದ್ದು ಉದುರಿತು. ಕಪ್ಪು ಸೂರಿನವರೆಗೆ ಹತ್ತಿತು. ಚಳಿಗಾಲ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ, ಎಮ್ಲಿನ್ ಉಸಿರಾಡುವುದನ್ನು ನಿಲ್ಲಿಸಿದ.

ನಮ್ಮ ಕಡೆ ಹೆಣವನ್ನು ಮುಂದಿನ ಕೋಣೆಯಲ್ಲೇ ಇಡುತ್ತಾರೆ. ಊರೆಲ್ಲ ಬಂದು ನೋಡುವ ಕೋಣೆ ಅದು. ಶವಪೆಟ್ಟಿಗೆ ಮನೆಗೆ ಬರುವ ದಿನ ನೆಸ್ಟಾ ನಸುಕಿಗೇ ಬಂದಳು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಬಿಳಿ ಬಣ್ಣದ ಡಬ್ಬಿ.

"ಏಳು ಮಾರ್ಗೆಡ್. ಅತ್ತಿದ್ದು ಸಾಕು. ಜನ ಬರೋದ್ರೊಳಗೆ ಗೋಡೆಗೆ ಒಂದು ಕೈ ಬಳಿದುಬಿಡೋಣ."

ಮಾರ್ಗೆಡ್ ಆ ಡಬ್ಬಿಯನ್ನೇ ನೋಡಿದಳು. ಅರ್ಧ ಖಾಲಿ. ಅಂಚಿನಲ್ಲಿ ಪದರ ಪದರವಾಗಿ ಒಣಗಿದ ಬಣ್ಣ.

"ಇದು ನಿಮ್ಮನೇಲಿ ಯಾಕಿತ್ತು ನೆಸ್ಟಾ?"

ನೆಸ್ಟಾ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು.

"ನಿಮ್ಮನೇಲೂನಾ?"

"ಮಲಗೋ ಕೋಣೆ," ನೆಸ್ಟಾಳ ದನಿ ಇಳಿಯಿತು. "ಬೀರು ಸರಿಸಿ ಮುಚ್ಚಿಟ್ಟಿದ್ದೀನಿ. ಗೆತಿನ್‌ಗೆ ಹೇಳ್ಬೇಡ ಕಣೇ. ಅವನೇ ಹಾಕಿಸಿದ್ದು, ನೊಂದ್ಕೋತಾನೆ."

"ನಾನು ನಂಗೊಬ್ಳಿಗೇ ಅನ್ಕೊಂಡಿದ್ದೆ. ನನ್ ಕೈಯಲ್ಲೇ ಏನೋ ಕೊಳಕಿದೆ ಅನ್ಕೊಂಡಿದ್ದೆ."

"ನಾನೂ ಹಂಗೇ ಅನ್ಕೊಂಡಿದ್ದೆ."

ಇಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಒಬ್ಬಳು, ಈಚೆ ಒಬ್ಬಳು, ಇಷ್ಟು ದಿನ ಕದ್ದು ಕದ್ದು ಬಣ್ಣ ಬಳಿದಿದ್ದರು.

"ಬಕೆಟ್ ಇಡು. ತೊಳೆಯೋದು ಬೇಡ" ಎಂದಳು ಮಾರ್ಗೆಡ್.

"ಮಾರ್ಗೆಡ್! ಜನ ಏನಂತಾರೆ?"

"ಅನ್ಲಿ."

ಪೆಟ್ಟಿಗೆಯನ್ನು ತಂದು ಆ ಗೋಡೆಯ ಮುಂದಿಟ್ಟರು. ಸಾವಿನ ಮನೆಯಲ್ಲಿ ಪರದೆ ಎಳೆದಿಡುವುದು ವಾಡಿಕೆ. ಮಾರ್ಗೆಡ್ ಪರದೆ ಸರಿಸಿ, ದೀಪವನ್ನೂ ಹಾಕಿದಳು. ಜನ ಬಂದರು. ಮೊದಲು ಎಮ್ಲಿನನನ್ನು ನೋಡಿದರು, ಆಮೇಲೆ ಗೋಡೆಯನ್ನು ನೋಡಿದರು. ಹೆಂಗಸರು ತಲೆ ತಗ್ಗಿಸಿದರು. ಎದುರು ಮನೆಯಾಕೆ ಮಾತ್ರ ಮಾರ್ಗೆಡಳ ಕೈ ಹಿಡಿದು, "ನಮ್ಮನೇಲಿ ಮಗೂನ ತೊಟ್ಟಿಲ ಹಿಂದೆ" ಎಂದಳು. ಅಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಗಾಯನ ತಂಡದವರ ಜೊತೆ ಗೆತಿನ್ ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಬಾರೋ, ಹತ್ರ ಬಾ," ಎಂದಳು ಮಾರ್ಗೆಡ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಉಸಿರಾಡೋನು ನಿಲ್ಲಿಸಿದ. ಕಿಟಕಿ ತೆಗ್ದಿದೆ. ಒಲೆ ಹಚ್ಚಿಲ್ಲ, ನೀರು ಕಾಯಿಸಿಲ್ಲ. ಸಾಹೇಬ್ರು ಹೇಳಿದ್ದೆಲ್ಲ ಆಯ್ತು. ಈಗ ಗೋಡೆ ಮುಟ್ಟಿ ನೋಡು, ಒಣಗಿದ್ಯಾ?"

ಗೆತಿನ್ ಮುಟ್ಟಿದ. ಅಂಗೈ ಪೂರಾ ಕಪ್ಪಾಯಿತು.

"ಆಂಟಿ, ನಂಗೆ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ. ನಮ್ಮಮ್ಮಂಗೂ ನಾನೇ..."

"ನಮ್ಮನೇಲೂ ಹಿಂಗೇ ಇದೆ ಕಣೋ" ಎಂದಳು ನೆಸ್ಟಾ, ಎಲ್ಲರೆದುರು. ಹುಡುಗ ತಾಯಿಯ ಮುಖ ನೋಡಿದ. ಅವನನ್ನು ಬೈಯುವುದರಿಂದ ಏನೂ ಆಗುವುದಿರಲಿಲ್ಲ. ಬೈಯಬೇಕಾದವರು ಯಾವ ಊರಲ್ಲಿ, ಯಾವ ಹೆಸರಲ್ಲಿ ಇದ್ದಾರೋ ಯಾರಿಗೂ ತಿಳಿಯದು.

ಹೆಗಲು ಕೊಡುವಾಗ ಗೆತಿನನ ಆ ಕೈಯೇ ಪೆಟ್ಟಿಗೆಯ ತಿಳಿ ಬಣ್ಣದ ಮರಕ್ಕೆ ತಾಗಿ ಐದು ಬೆರಳಿನ ಗುರುತು ಮೂಡಿತು. ಯಾರೋ ಕರವಸ್ತ್ರ ತೆಗೆದರು.

"ಒರೆಸ್ಬೇಡಿ," ಎಂದಳು ಮಾರ್ಗೆಡ್.

ಜೀವಮಾನವೆಲ್ಲ ಮೈಗೆ ಕಪ್ಪು ಮೆತ್ತಿಕೊಂಡು ನೆಲದೊಳಗಿಂದ ಮೇಲೆ ಬರುತ್ತಿದ್ದವನು, ಅದೇ ಕಪ್ಪು ಮೆತ್ತಿಕೊಂಡು ನೆಲದೊಳಗೆ ಹೋದ. ಗಂಡಸರು ಮಳೆಯಲ್ಲಿ ನೆನೆಯುತ್ತ ಹಾಡಿದರು. ಎಮ್ಲಿನ್ ಹಾಡಬೇಕಾಗಿದ್ದ ಕಡೆ ಯಾರೂ ದನಿ ಸೇರಿಸಲಿಲ್ಲ.

ಆ ಸಂಜೆ ನೆಸ್ಟಾ ಬಣ್ಣದ ಡಬ್ಬಿಯನ್ನು ತಂದು ತನ್ನ ಹೊಸ್ತಿಲಾಚೆ ಬೀದಿಯಲ್ಲಿಟ್ಟಳು. ಅದನ್ನು ಕಂಡು ಎದುರು ಮನೆಯಾಕೆಯೂ ಒಂದನ್ನು ತಂದಿಟ್ಟಳು. ಬೆಳಗಾಗುವ ಹೊತ್ತಿಗೆ ಚಾಪೆಲ್ ಸಾಲಿನ ಉದ್ದಕ್ಕೂ, ಆ ತುದಿಯಿಂದ ಈ ತುದಿಯವರೆಗೆ, ಉಜ್ಜಿ ಸವೆಸಿದ ಹೊಸ್ತಿಲುಗಳ ಮುಂದೆ ಒಂದೊಂದು ಡಬ್ಬಿ ಇತ್ತು. ಎಲ್ಲವೂ ಬಿಳಿ ಬಣ್ಣದವು, ಎಲ್ಲವೂ ಅರ್ಧ ಖಾಲಿ. ಮಳೆ ಅವುಗಳೊಳಗೆ ಬೀಳುತ್ತಿತ್ತು.