ಎಲ್ವುಡ್ ಕ್ರೇನನ ಕೋಲು

ನನ್ನ ಗಂಡ ಹರ್ಷವರ್ಧನನಿಗೆ ಮನೆದೇವರು ನಂಜುಂಡೇಶ್ವರ ಎಂಬುದು ಬಾಯಿಮಾತು. ಅವನು ನಿಜವಾಗಿ ಕೈಮುಗಿಯುತ್ತಿದ್ದುದು ಎಲ್ವುಡ್ ಕ್ರೇನನಿಗೆ. ಗಂಡನನ್ನು ‘ಅವರು’ ಎನ್ನಬೇಕು, ಗೊತ್ತು. ಈಗ ಬಾಯಿಗೆ ಬರುವುದಿಲ್ಲ.

ಕ್ರೇನ್ ಎಂದರೆ ನೂರಿಪ್ಪತ್ತು ವರ್ಷ ಹಿಂದಿನ ಅಮೆರಿಕದ ಗಾಲ್ಫ್ ಆಟಗಾರ. ಪರದೇಶದ ಹ್ಯಾಮಿಲ್ಟನ್ ಊರಿನ ನಮ್ಮ ಮನೆಗೆ ಯಾರೇ ಕಾಫಿಗೆ ಬರಲಿ, ಲೋಟ ಖಾಲಿಯಾಗುವುದರೊಳಗೆ ಅವನ ಚರಿತ್ರೆಯೆಲ್ಲ ಮುಗಿದಿರುತ್ತಿತ್ತು. ಶಿಕಾಗೋದ ಗೋಧಿ ವ್ಯಾಪಾರಿಯ ಮಗ. ಅಪ್ಪನ ಹುಲ್ಲುಗಾವಲಿನಲ್ಲಿ ತಾನೇ ಆಟ ಕಲಿತವನು. ಹವ್ಯಾಸಿ ಆಟಗಾರರ ಅಮೆಚೂರ್ ಕಪ್ಪನ್ನು ಮತ್ತೆ ಮತ್ತೆ ಗೆದ್ದರೂ ಆಟಕ್ಕೆಂದು ಒಂದು ಕಾಸೂ ಮುಟ್ಟದವನು. ಆಮೇಲೆ ನನ್ನ ಗಂಡ ಗಂಟಲು ಸರಿಮಾಡಿಕೊಂಡು ಇಷ್ಟದ ಭಾಗಕ್ಕೆ ಬರುತ್ತಿದ್ದ. ಚೆಂಡು ಕಳೆದನೆಂದು ಕ್ರೇನ್ ತನ್ನ ಚೀಲ ಹೊರುವ ಆಳಿನ ಮುಖಕ್ಕೆ ಕೋಲು ಬೀಸಿದ. ಆಳಿನ ಒಂದು ಕಣ್ಣು ಹೋಯಿತು.

“ಅಲ್ಲಿದ್ದೋರೆಲ್ಲ ಒಂದೇ ಮಾತು ಹೇಳಿದ್ರು, ಅವನೇ ಕಾಲು ಜಾರಿ ಬಿದ್ದ ಅಂತ. ಮುಂದಿನ ವರ್ಷ ಕ್ರೇನ್ ಮತ್ತೆ ಕಪ್ ಎತ್ತಿದ! ಸಿಟ್ಟಿಲ್ದೆ ಚಾಂಪಿಯನ್ ಆಗಕ್ಕಾಗತ್ತೇನ್ರೀ?”

ಬಂದವರೆಲ್ಲ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಣ್ಣು ಹೋದವನ ಹೆಸರೇನು ಎಂದು ಒಬ್ಬರಾದರೂ ಕೇಳಬಾರದೇ?

ಆ ಕ್ರೇನನ ಕೋಲನ್ನು ನನ್ನ ಗಂಡ ಹರಾಜಿನಲ್ಲಿ ಕೂಗಿ ತರಿಸಿಕೊಂಡಿದ್ದ. ಮರದ ಹಿಡಿ, ತುದಿಗೆ ಕಬ್ಬಿಣದ ತಲೆ. ಆಯುಧಪೂಜೆಯ ಬೆಳಿಗ್ಗೆ ಅದನ್ನು ನಡುವೆ ಒರಗಿಸಿ, ಪಕ್ಕದಲ್ಲಿ ಕಾರಿನ ಕೀ, ಲ್ಯಾಪ್‌ಟಾಪ್, ಮಗಳು ಮಾನ್ಯಳ ಗಾಲ್ಫ್ ಚೀಲ ಇಟ್ಟು ಕುಂಕುಮ ಬಳಿದ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಎತ್ತಬಾರದು ಎನ್ನುವುದು ಮೈಸೂರಿನ ಅವನ ಮನೆಯ ಪದ್ಧತಿ. ಆದರೆ ಪ್ರಾಂತ್ಯದ ತಂಡದ ಆಯ್ಕೆ ಪಂದ್ಯ ಅಂದೇ ಇತ್ತು. ಹಿಂದಿನ ತಿಂಗಳು ಮಾನ್ಯ ಅಪ್ಪನನ್ನೇ ಸೋಲಿಸಿದ್ದಳು. ಅಂದಿನಿಂದ ಅವನಿಗೆ ಒಂದೇ ಹೊಟ್ಟೆಯುರಿ.

“ಇವತ್ತು ಮುಟ್ಟೋ ಹಾಗಿಲ್ಲ,” ಎಂದ.

“ಅಪ್ಪಾ, ಪ್ಲೀಸ್. ಇಟ್ಸ್ ಮೈ ಓನ್ಲಿ ಚಾನ್ಸ್.”

“ಹೋಗು ಪುಟ್ಟಿ, ದೇವ್ರಿಗೆ ನಾನು ಉತ್ತರ ಕೊಡ್ತೀನಿ,” ಎಂದೆ ನಾನು. ಚೀಲ ಎತ್ತಿಕೊಂಡು ಗೆಳತಿಯ ಯೂಟ್ ಗಾಡಿ ಹತ್ತಿ ಹೊರಟೇಬಿಟ್ಟಳು.

ಮಧ್ಯಾಹ್ನ ಕುಣಿಯುತ್ತ ಬಂದಳು. “ಅಮ್ಮಾ, ಐ ಗಾಟ್ ಇನ್!”

ಅವನು ಎದ್ದು ಬಂದು ಕೆನ್ನೆಗೆ ಬಾರಿಸಿದ. ಅವಳು ಅಳಲಿಲ್ಲ. “ಯು ಲಾಸ್ಟ್ ಟು ಮಿ, ಅಪ್ಪಾ. ದಟ್ಸ್ ಆಲ್,” ಎಂದಳು. ಅಷ್ಟಕ್ಕೇ ತಿರುಗಿ ಕ್ರೇನನ ಕೋಲು ಎತ್ತಿದ. ಯಾರೂ ಎತ್ತಬಾರದ ಆಯುಧ! ಪೂಜೆಗಿಟ್ಟಿದ್ದ ನಿಂಬೆಹಣ್ಣು ಉರುಳಿ ಸೋಫಾದ ಕೆಳಗೆ ಹೋಯಿತು.

ಮೊದಲ ಏಟಿಗೆ ಅವಳ ಮುಂಗೈ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಎರಡನೆಯದು ಹುಬ್ಬಿನ ಮೇಲೆ ಬಿದ್ದು ಚರ್ಮ ಸೀಳಿತು. ಹಿಂದಿನಿಂದ ಅವನನ್ನು ತಬ್ಬಿ ಹಿಡಿದೆ. ಮೊಣಕೈಯಿಂದ ಬಾಯಿಗೆ ಗುದ್ದಿದ, ಹಲ್ಲೊಂದು ನೆಲಕ್ಕೆ ಬಿತ್ತು. ಹಾಳಾಗಿ ಹೋಗಲಿ ಎಂದು ಹಿತ್ತಾಳೆಯ ದೀಪದ ಕಂಬ ಎತ್ತಿ ಅವನ ಮಂಡಿಗೆ ಅಪ್ಪಳಿಸಿದೆ. ಬಿದ್ದ. ಮತ್ತೆ ಏಳಲು ಹೋದ, ಮತ್ತೆ ಅಪ್ಪಳಿಸಿದೆ. ರಕ್ತ ತುಂಬಿದ ಬಾಯಲ್ಲೇ ಪೊಲೀಸರಿಗೆ ಫೋನ್ ಮಾಡಿದೆ.

ಆಂಬುಲೆನ್ಸಿನವರು ಮಾನ್ಯಳನ್ನು ಸ್ಟ್ರೆಚರ್ ಮೇಲೆ ಮಲಗಿಸುತ್ತಿದ್ದರು. ಪೊಲೀಸ್ ಹೆಂಗಸು ಕೈಗವಸು ಹಾಕಿಕೊಂಡು ಕೋಲನ್ನು ಬೆಳಕಿಗೆ ಹಿಡಿದಳು. ಕಬ್ಬಿಣದ ತಲೆಯೆಲ್ಲ ಕೆಂಪು. ಇದು ರಕ್ತವೇ ಎಂದು ನನ್ನನ್ನು ಕೇಳಿದಳು.

“ಕುಂಕುಮ ಅಂತ ಹೇಳು ಅಂಬುಜಾ,” ನೆಲದ ಮೇಲಿಂದ ಅವನು ಕನ್ನಡದಲ್ಲಿ ಅಂದ. ಮದುವೆಯಾದಾಗಿನಿಂದ ಅಷ್ಟು ಮೆತ್ತಗೆ ನನ್ನ ಹೆಸರು ಕರೆದವನಲ್ಲ. “ಹಬ್ಬ ಅಂತ ಹೇಳು. ಮಗು ಕಾಲು ಜಾರಿ ಬಿದ್ಲು ಅನ್ನು. ನಮ್ಮ ಮನೆ ಮಾನ ಕಣೇ.”

ಹೇಳಬಹುದಿತ್ತು. ಕುಂಕುಮವೂ ಇತ್ತಲ್ಲ, ನಂಬುತ್ತಿದ್ದರು. ಸ್ಟ್ರೆಚರ್ ಮೇಲಿಂದ ಮಾನ್ಯ ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

“ಕೆಳಗಿರುವುದು ಕುಂಕುಮ,” ಎಂದು ಮಾನ್ಯಳಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ. “ಮೇಲಿರುವುದು ನನ್ನ ಮಗಳ ರಕ್ತ. ಹೊಡೆದವನು ಇವನು. ನನ್ನ ಮಗಳ ಹೆಸರು ಮಾನ್ಯ. ಮೊದಲು ಅದನ್ನು ಬರೆದುಕೊಳ್ಳಿ.”