ಹೀರಾಬಿ ಹೆಸರಿನ ಬೋರ್ಡು

"ಅಪ್ಪನ ಪತ್ತೆ ಇಲ್ಲದಾವ ಅವ್ವನ ಹೆಸರು ಹಾಕ್ಕೊಳ್ದ ಮತ್ತೇನ್ ಮಾಡ್ತಾನ ಬಿಡ್ರಿ!"

ಮಾಮ ಮೀರಾಹುಸೇನ ಹೀಗೆಂದದ್ದು ರಾಯಚೂರಿನ ತನ್ನ ಗಾದಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಗಿರಾಕಿಗಳ ಎದುರಿಗೆ. ಅವರು ನಕ್ಕರು. ಮಗಳ ಮದುವೆಗೆ ಗಾದಿ ಒಯ್ಯಲು ಅರಕೇರಾದಿಂದ ಬಂದಿದ್ದ ಗಡಿಗೆಪ್ಪ ಮಾತ್ರ ನಗಲಿಲ್ಲ. ಪಾಪ, ಆತ ಕೇಳಿದ್ದು ಇಷ್ಟೇ: "ಪೋತ್ನಾಳದಾಗ ಹೊಸಾ ಅಂಗಡಿ ಹಾಕಾಕತ್ತೀಯಂತಲ್ಲೋ ತಮ್ಮಾ, ಹೆಸರೇನು ಇಡ್ತಿ?" ನಾನು "ಹೀರಾಬಿ ಗಾದಿ ಅಂಗಡಿ" ಎಂದಿದ್ದೆ.

ಹೀರಾಬಿ ನನ್ನ ಅವ್ವ. ನಮ್ಮದು ಪಿಂಜಾರರ ಮನೆ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟು ನಾನು ಮಾಮನ ಅಂಗಡಿಯಲ್ಲಿ ಹತ್ತಿ ಹಿಂಜುವ ಮಷೀನಿನ ಮುಂದೆ ನಿಂತೆ. ಅವ್ವ ಅದಕ್ಕೂ ಮೊದಲಿನಿಂದ ಹಿಂದಿನ ಕೋಣೆಯಲ್ಲಿ ಕುಳಿತು ಗಾದಿ ಹೊಲಿಯುತ್ತ ಬಂದವಳು. ದೇವದುರ್ಗದ ಕಡೆಯವರು ಬಂದರೆ, "ಹೀರಾಬಿ ಕೈಯಾಂದು ಕೊಡ್ರಿ, ಅದರಾಗ ಹತ್ತಿ ಗಂಟು ಕಟ್ಟಂಗಿಲ್ಲ" ಎಂದು ಕೇಳಿ ಒಯ್ಯುತ್ತಾರೆ. ಬೋರ್ಡಿನ ಮೇಲೆ ಮಾತ್ರ ಮಾಮನ ಹೆಸರು. ಬಳಗದ ಲಗ್ನಪತ್ರಿಕೆಗಳಲ್ಲೂ ಅವ್ವ ಬರೀ 'ಮೀರಾಹುಸೇನರ ತಂಗಿ'.

ಅಪ್ಪ ಪುಣೆಗೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಊರಿಗೆಲ್ಲ ಗೊತ್ತಿದ್ದದ್ದೇ. ಅದನ್ನು ಗಿರಾಕಿಗಳ ಮುಂದೆ ಉಗುಳಬೇಕಿತ್ತೆ?

ಮಾಮನಿಗೆ ಅಷ್ಟೂ ಸಾಲಲಿಲ್ಲ. "ಹೆಣ್ಮಕ್ಕಳ ಹೆಸರು ರಸ್ತೇಕ ನೇತು ಹಾಕ್ತೀಯೇನಲೇ? ಆ ಬೋರ್ಡು ಏರಿಸಿದ್ಯೋ, ನಾ ಫಾತೆಹಾಕ್ಕ ಬರಂಗಿಲ್ಲ ನೋಡು."

ನಮ್ಮಲ್ಲಿ ಹೊಸ ಅಂಗಡಿ ತೆರೆಯುವ ದಿನ ಸೋದರಮಾವನೇ ಲೋಬಾನದ ಧೂಪ ಹಾಕಿ ಫಾತೆಹಾ ಪ್ರಾರ್ಥನೆ ಓದಿಸಬೇಕು. ಅವನು ಬರಲಿಲ್ಲವೆಂದರೆ ಅವ್ವನ ತವರು ಕೈಬಿಟ್ಟಿತು ಎಂದೇ ಲೆಕ್ಕ. ಬಿಡಲಿ, ನನಗೇನು! ಸಿಟ್ಟಿನಲ್ಲೇ ಬಸ್ಸು ಹತ್ತಿ ಪೋತ್ನಾಳಕ್ಕೆ ಹೋಗಿ ಪೇಂಟರ್ ಪಂಪಾಪತಿಯ ಮುಂದೆ ನಿಂತೆ.

"ನಿದ್ದಿ ಬರದವರು ಬರ್ರಿ ಅಂತ ಬರೀಲೇನು?" ಎಂದ ಪಂಪಾಪತಿ.

"ಚ್ಯಾಷ್ಟಿ ಮಾಡಬ್ಯಾಡಣ್ಣಾ. ಹೀರಾಬಿ ಅಂತ ಬರಿ. ರಸ್ತೆ ಆ ಕಡೆಯಿಂದ ಕಾಣಬೇಕು, ಅಷ್ಟು ದೊಡ್ಡದು."

"ಅವ್ವನ್ನ ಕೇಳೀಯೇನು?"

"ಅವ್ವನ ಹೆಸರಿಗೆ ಅವ್ವನ್ನ ಏನು ಕೇಳೋದು?"

ಆತ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿದ. ಬರೆದ. ಬಿಳಿ ತಗಡಿನ ಮೇಲೆ ನೀಲಿ ಅಕ್ಷರ. ಸಂಜೆತನಕ ಎದುರಿಗೇ ಕುಳಿತು ನೋಡಿದೆ. ಜೀವಮಾನದಲ್ಲಿ ಯಾವ ಪುಸ್ತಕವನ್ನೂ ನಾನು ಅಷ್ಟು ಸಲ ಓದಿಲ್ಲ.

ಮರುದಿನ ಶುಕ್ರವಾರ, ಅಂಗಡಿ ತೆರೆಯುವ ದಿನ. ಬೆಳಿಗ್ಗೆ ಗಾದಿ ಬಟ್ಟೆ ತರಲು ಮಾನ್ವಿಗೆ ಹೋದೆ. ಥಾನು ಹೊತ್ತುಕೊಂಡು ಬಸ್ಸಿನಿಂದ ಇಳಿದು ನೋಡಿದರೆ ಬೋರ್ಡು ಆಗಲೇ ಮೇಲೇರಿತ್ತು: 'ಮೀರಾಹುಸೇನ ಗಾದಿ ಅಂಗಡಿ, ರಾಯಚೂರು. ಶಾಖೆ: ಪೋತ್ನಾಳ.'

ಪಂಪಾಪತಿಯ ಕೊರಳಪಟ್ಟಿ ಹಿಡಿದೆ. "ಯಾರನ್ನ ಕೇಳಿ ಬದಲ್ ಮಾಡಿದಿ?"

"ಕೈ ತಗಿಯೋ ಮಾರಾಯಾ! ನಿಮ್ಮವ್ವನಽ ಬಂದಿದ್ಲು. ಬಣ್ಣ ಇನ್ನಾ ಹಸಿ ಇತ್ತು. ನಾ ಒಲ್ಲೆ ಅಂದೆ, ಥಿನ್ನರ್ ಬಟ್ಟಿ ಕಸಗೊಂಡು ತಾನಽ ಒರಸಿದ್ಲು."

ಅವ್ವ ಅಂಗಡಿಯ ಒಳಗೆ ಕಸ ಹೊಡೆಯುತ್ತಿದ್ದಳು. ಥಾನನ್ನು ನೆಲಕ್ಕೆ ಒಗೆದೆ.

"ಯವ್ವಾ, ಏನ್ ಮಾಡಿದಿ ಇದು?"

"ಹುಡುಗ ನಿನ್ನ ಹೆಸರಽ ಹಾಕ್ತಾನ ಬಾ ಅಂತ ಮಾಮಗ ಹೇಳಿ ಬಂದೀನಿ. ಮುಂದಿನ ತಿಂಗಳ ನಿನ್ನ ತಂಗಿ ವಾಹಿದಾನ ನಿಕಾ ಅದ. ಮಾಮ ಮುನಿಸ್ಕೊಂಡು ಕುಂತ್ರ ನಮ್ಮ ಕಡಿ ಹಿರ್ಯಾರು ಯಾರು? ನಿಮ್ಮಪ್ಪ ಬರ್ತಾನೇನು?"

"ನನಗ ಒಂದ್ ಮಾತು ಕೇಳಬೇಕಿತ್ತಲ್ಲ!"

ಪೊರಕೆ ನಿಂತಿತು. "ನೀ ನನಗ ಕೇಳಿದ್ಯೇನು?"

ಹೊರಗೆ ಆಟೋ ನಿಂತ ಸದ್ದು. ಮಾಮ ಹೊಸ ಟೋಪಿ ಹಾಕಿಕೊಂಡು, ಕೈಯಲ್ಲಿ ಲೋಬಾನದ ಪೊಟ್ಟಣ ಹಿಡಿದು ಇಳಿದ. ಅವನ ಹಿಂದೆ ಅರ್ಧ ಬಳಗ. ಅಕ್ಕಪಕ್ಕದ ಅಂಗಡಿಯವರೂ ಬಂದು ಸೇರಿದರು. ಮಾಮ ಬೋರ್ಡನ್ನು ಗಟ್ಟಿಯಾಗಿ ಓದಿದ. ಕೇಳದವರಿಗೆ ಕೇಳಲೆಂದು ಮತ್ತೊಮ್ಮೆ ಓದಿದ.

"ಈಗ ನೋಡ್ರಿ, ಅಂಗಡಿ ಅಂಗಡಿಯಂಗ ಕಾಣಾಕತ್ತದ. ನಮ್ಮ ಹುಡುಗಗ ಬುದ್ಧಿ ಬಂತು!" ಎಂದು ನನ್ನ ಬೆನ್ನಿಗೆ ಹೊಡೆದ. "ಏನಲೇ ಇನಾಯತ್, ಹೆಸರು ಹ್ಯಾಂಗದ? ಹೇಳಲೇ, ಎಲ್ಲಾರೂ ಕೇಳಲಿ."

ಎಲ್ಲರೂ ನನ್ನನ್ನೇ ನೋಡಿದರು. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ತಲೆಯ ಮೇಲಿನ ಸೆರಗು ಹಿಡಿದಿದ್ದ ಅವಳ ಬೆರಳುಗಳ ಉಗುರು ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಇತ್ತು. ಹೇಳಬೇಡ ಎಂದು ಅವಳು ಕಣ್ಣಲ್ಲೇ ಬೇಡಿದಳು.

ನಾನು ಒಳಗೆ ಹೋದೆ. ಗಾದಿ ಬಟ್ಟೆಯ ಥಾನನ್ನು ನೆಲದಿಂದ ಎತ್ತಿ, ಧೂಳು ಝಾಡಿಸಿ, ಅವ್ವ ಕೂತು ಹೊಲಿಯಲೆಂದು ಹಾಸಿದ್ದ ಚಾಪೆಯ ಪಕ್ಕ ಇಟ್ಟೆ. ಚಪ್ಪಲಿ ಮೆಟ್ಟಿಕೊಂಡು ಮಾಮನ ಪಕ್ಕದಿಂದಲೇ ಹಾದು ರಸ್ತೆಗೆ ಇಳಿದೆ.

"ಏಯ್, ಕೇಳಾಕತ್ತೀನಲ್ಲಲೇ!"

ಹಿಂದೆ ಲೋಬಾನದ ವಾಸನೆ ಎದ್ದಿತ್ತು. ನಾನು ಮಾನ್ವಿಯ ದಿಕ್ಕಿಗೆ ನಡೆಯುತ್ತಲೇ ಇದ್ದೆ.